ಗೋಡೆಯ ಮೇಲಿನ ಪೆನ್ಸಿಲ್ ಗೆರೆಗಳು

ಥಾಣೆಯ ನಮ್ಮ ಫ್ಲ್ಯಾಟಿನ ಅಡುಗೆಮನೆ ಬಾಗಿಲ ಪಕ್ಕದ ಗೋಡೆಯ ಮೇಲೆ ಒಂದರ ಮೇಲೊಂದು ಪೆನ್ಸಿಲ್ ಗೆರೆಗಳಿವೆ, ಪಕ್ಕದಲ್ಲಿ ತಾರೀಖುಗಳೂ ಇವೆ. ಮನೆಗೆ ಬಂದವರು ಮಗನ ಎತ್ತರ ಅಳೆದ ಗುರುತು ಎಂದುಕೊಳ್ಳುತ್ತಾರೆ. ಅಲ್ಲ. ಅವು ನನ್ನ ಚಿಕ್ಕಮ್ಮನ ಬಲಗೈ ಬೆರಳುಗಳು ಆ ಗೋಡೆಯ ಮೇಲೆ ಯಾವ ದಿನ ಎಲ್ಲಿಯವರೆಗೆ ಹತ್ತಿದವು ಎಂಬುದರ ಲೆಕ್ಕ. ಮೊದಲ ಗೆರೆ ಅವಳ ಎದೆಯ ಎತ್ತರಕ್ಕಿದೆ. ಕೊನೆಯದು ಹಣೆಗಿಂತ ಒಂದು ಗೇಣು ಮೇಲೆ.

ಮಹಿಳಾ ವಿಭಾಗದವರು ಈ ಸಲದ ಸಂಚಿಕೆಗೆ ಇತಿಹಾಸದ ಬಗ್ಗೆ ಏನಾದರೂ ಬರೆದುಕೊಡು ಎಂದಾಗ ನನಗೆ ಹೊಯ್ಸಳರಾಗಲಿ ಕಿತ್ತೂರಾಗಲಿ ನೆನಪಾಗಲಿಲ್ಲ, ಈ ಗೆರೆಗಳು ನೆನಪಾದವು. ನಾನು ಇತಿಹಾಸ ಓದಿದವಳಲ್ಲ. ಎಂ.ಟೆಕ್ ಮುಗಿಸಿ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವವಳು. ಆದರೆ ಈ ಗೆರೆಗಳ ಹಿಂದೆ ನೂರಕ್ಕೂ ಹೆಚ್ಚು ವರ್ಷಗಳ ಕಥೆಯಿದೆ, ಅದರಲ್ಲಿ ಬಹುಪಾಲು ಹೆಂಗಸರದೇ. ಅದನ್ನು ನಾನು ಹುಡುಕಿಕೊಂಡು ಹೋದದ್ದು ಕುತೂಹಲದಿಂದಲ್ಲ, ತಪ್ಪಿತಸ್ಥ ಭಾವನೆಯಿಂದ.

ಚಿಕ್ಕಮ್ಮ ಗದಗದವಳು. 2022ರಲ್ಲಿ ಮುಂಬೈಯ ಒಂದು ಆಸ್ಪತ್ರೆಯಲ್ಲಿ ಅವಳಿಗೆ ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಆಯಿತು, ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ಆಗ ಅವಳಿಗೆ 55 ವರ್ಷ. ಈ ಸಂಖ್ಯೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಡಿಸ್ಚಾರ್ಜ್ ದಿನ ಕೊಟ್ಟ ಕಾಗದಗಳನ್ನೆಲ್ಲ ನಾನು ಆವತ್ತೇ ರಾತ್ರಿ ಸ್ಕ್ಯಾನ್ ಮಾಡಿ, ತಾರೀಖಿನ ಪ್ರಕಾರ ಹೆಸರಿಟ್ಟು, ಫೋಲ್ಡರಿಗೆ ಹಾಕಿ, ಲಿಂಕನ್ನು ಮನೆಯವರೆಲ್ಲರಿಗೂ ಕಳಿಸಿದೆ. ಬಹಳ ಅಚ್ಚುಕಟ್ಟಾದ ಕೆಲಸ. ಅದರಲ್ಲಿ ಗೆರೆಚಿತ್ರಗಳಿದ್ದ ಒಂದು ಹಾಳೆಯೂ ಇತ್ತು, ಒಂದು ಬದಿ ಇಂಗ್ಲಿಷ್, ಇನ್ನೊಂದು ಬದಿ ಮರಾಠಿ. ಕನ್ನಡ ಬಿಟ್ಟು ಬೇರೇನೂ ಓದಲು ಬಾರದ ಚಿಕ್ಕಮ್ಮನಿಗೆ ಅದನ್ನು ಯಾರೂ ಓದಿ ಹೇಳಲಿಲ್ಲ. 'ಯಾರೂ' ಎಂದರೆ ನಾನು.

ಮನೆಯಲ್ಲಿ ಎಲ್ಲರ ಸಲಹೆಯೂ ಒಂದೇ: ಕೈ ಅಲ್ಲಾಡಿಸಬೇಡ. ಊರಿನಿಂದ ಫೋನು ಮಾಡಿದವರೂ ಅದನ್ನೇ ಹೇಳಿದರು. ಹೊಲಿಗೆ ಬಿಚ್ಚಿಕೊಂಡೀತು, ನೋವಾದೀತು, ಇಷ್ಟು ವರ್ಷ ದುಡಿದದ್ದು ಸಾಕು. ಪ್ರೀತಿಯಿಂದಲೇ ಹೇಳಿದ್ದು. ಚಿಕ್ಕಮ್ಮ ಬಲಗೈಯನ್ನು ಸೆರಗಿನೊಳಗೆ ಮಡಚಿಟ್ಟುಕೊಂಡು ಹಾಗೇ ಕೂತಳು. ಕೀಮೋ ಮುಗಿದು ರೇಡಿಯೇಷನ್ ತಯಾರಿಗೆ ಹೋದ ದಿನ ಮೇಜಿನ ಮೇಲೆ ಮಲಗಿ ಕೈಯನ್ನು ತಲೆಯ ಮೇಲಕ್ಕೆ ಎತ್ತಿ ಇಡಬೇಕಾಗಿತ್ತು. ಕಿರಣಗಳು ಎದೆಯ ಭಾಗಕ್ಕೆ ಸರಿಯಾಗಿ ತಲುಪಬೇಕಾದರೆ ಕೈ ದಾರಿಗೆ ಅಡ್ಡ ಬರಬಾರದು. ಅವಳ ಕೈ ಭುಜದ ಮಟ್ಟಕ್ಕೂ ಏರಲಿಲ್ಲ. ಅಲ್ಲಿಂದ ವಾಪಸ್ಸು ಫಿಸಿಯೋಥೆರಪಿಗೆ ಕಳಿಸಿದರು. ಅಲ್ಲಿದ್ದ ಹುಡುಗಿ ಕೇಳಿದಳು, ವ್ಯಾಯಾಮದ ಹಾಳೆ ಕೊಟ್ಟಿರಲಿಲ್ಲವೇ ಎಂದು. ನಾನು ಮೊಬೈಲ್ ತೆಗೆದು ನಾಲ್ಕು ಸೆಕೆಂಡಿನಲ್ಲಿ ಅದನ್ನು ಹುಡುಕಿ ತೋರಿಸಿದೆ.

ಅವಳು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಆ ಹಾಳೆಯನ್ನು ಆವತ್ತು ಮೊದಲ ಸಲ ಓದಿದೆ. ಬೆರಳುಗಳಿಂದ ಗೋಡೆ ಹತ್ತುವುದು, ಬಾಗಿಲಿಗೆ ಹಗ್ಗ ಹಾಕಿ ಎಳೆಯುವುದು, ಚೆಂಡು ಹಿಚುಕುವುದು. ಇಷ್ಟೇನಾ ಎನಿಸಿತು. ಇಷ್ಟು ಸರಳವಾದದ್ದನ್ನು ಯಾರು ಕಂಡುಹಿಡಿದರು, ಅದಕ್ಕೆ ಮೊದಲು ಹೆಂಗಸರು ಏನು ಮಾಡುತ್ತಿದ್ದರು ಎಂದು ರಾತ್ರಿ ಹೊತ್ತು ಓದತೊಡಗಿದೆ.

ಮೊದಲು ಸಿಕ್ಕವಳು ಇಂಗ್ಲೆಂಡಿನ ಕಾದಂಬರಿಗಾರ್ತಿ ಫ್ಯಾನಿ ಬರ್ನಿ. 1811ರ ಸೆಪ್ಟೆಂಬರ್ 30ರಂದು ಪ್ಯಾರಿಸ್ಸಿನ ತನ್ನ ಮನೆಯಲ್ಲಿ ಅವಳ ಸ್ತನವನ್ನು ತೆಗೆದುಹಾಕಲಾಯಿತು. ಶಸ್ತ್ರಚಿಕಿತ್ಸೆ ಮಾಡಿದವನು ನೆಪೋಲಿಯನ್ನನ ಸೈನ್ಯದ ಪ್ರಸಿದ್ಧ ವೈದ್ಯ ಲಾರೇ. ಅರಿವಳಿಕೆ ಇನ್ನೂ ಬಂದಿರಲಿಲ್ಲ. ಮದ್ಯ ಬೆರೆಸಿದ ಒಂದು ಪಾನೀಯ, ಮುಖದ ಮೇಲೊಂದು ತೆಳು ಕರವಸ್ತ್ರ, ಅಷ್ಟೇ. ಆ ಬಟ್ಟೆಯ ಮೂಲಕ ಅವಳಿಗೆ ಎಲ್ಲವೂ ಕಾಣುತ್ತಿತ್ತು. ತಿಂಗಳುಗಳ ನಂತರ ಅಕ್ಕನಿಗೆ ಉದ್ದನೆಯ ಪತ್ರ ಬರೆದು ಅದನ್ನೆಲ್ಲ ವಿವರಿಸಿದಳು. ಆಮೇಲೂ 28 ವರ್ಷ ಬದುಕಿ 1840ರಲ್ಲಿ ತೀರಿಕೊಂಡಳು. ಆ ಪತ್ರವನ್ನು ನಾನು ಒಂದೇ ಸಲಕ್ಕೆ ಓದಿ ಮುಗಿಸಲಾಗಲಿಲ್ಲ.

ಅರಿವಳಿಕೆ, ಸೋಂಕು ತಡೆ ಎರಡೂ ಬಂದ ಮೇಲೆ ಶಸ್ತ್ರವೈದ್ಯರ ಕತ್ತರಿಗೆ ಧೈರ್ಯ ಬಂತು. ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ತನ್ನ 50 ರೋಗಿಗಳ ವರದಿ ಪ್ರಕಟಿಸಿದ. ಸ್ತನ ಮಾತ್ರವಲ್ಲ, ಅದರ ಕೆಳಗಿನ ಎದೆಯ ದೊಡ್ಡ ಸ್ನಾಯು, ಕಂಕುಳಿನ ಗ್ರಂಥಿಗಳು, ಎಲ್ಲವನ್ನೂ ಒಂದೇ ತುಂಡಾಗಿ ತೆಗೆಯುವ ವಿಧಾನ. 'ರ್‍ಯಾಡಿಕಲ್' ಎಂದು ಕರೆದರು, ಅಂದರೆ ಬೇರುಸಹಿತ. ಮುಂದಿನ ಸುಮಾರು ಮುಕ್ಕಾಲು ಶತಮಾನ ಪ್ರಪಂಚದ ಎಷ್ಟೋ ಹೆಂಗಸರಿಗೆ ಇದೇ ಶಸ್ತ್ರಚಿಕಿತ್ಸೆಯಾಯಿತು.

ಹಾಲ್‌ಸ್ಟೆಡ್ ಕೆಟ್ಟವನಲ್ಲ. ಕೈಗೆ ಚರ್ಮದ ತೊಂದರೆಯಾಗುತ್ತಿದ್ದ ತನ್ನ ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್‌ಗಾಗಿ ರಬ್ಬರ್ ಕೈಗವಸು ಮಾಡಿಸಿಕೊಟ್ಟವನು ಅವನೇ. ಶಸ್ತ್ರಚಿಕಿತ್ಸೆಯ ಕೋಣೆಗೆ ಗವಸು ಬಂದದ್ದು ಹಾಗೆ, ಮತ್ತು 1890ರಲ್ಲಿ ಅವರಿಬ್ಬರ ಮದುವೆಯೂ ಆಯಿತು. ಒಬ್ಬ ಹೆಂಗಸಿನ ಕೈಯ ಬಗ್ಗೆ ಇಷ್ಟು ಕಾಳಜಿಯಿದ್ದವನು ತನ್ನ ರೋಗಿಗಳ ಕೈಯ ಬಗ್ಗೆ ಬರೆದದ್ದನ್ನು ಓದಿದಾಗ ನನಗೆ ಸಿಟ್ಟು ಬಂತು. ಕೈಗೆ ಬರುವ ಊನ ಜೀವದ ಮುಂದೆ ದೊಡ್ಡದಲ್ಲ ಎನ್ನುತ್ತಾನೆ. ಅಲ್ಲಿಯವರೆಗೆ ಒಪ್ಪೋಣ. ಆಮೇಲೆ, ಈ ರೋಗಿಗಳಿಗೆ ವಯಸ್ಸಾಗಿದೆ, ಸರಾಸರಿ ಹತ್ತಿರ ಹತ್ತಿರ 55 ವರ್ಷ, ಸಮಾಜದಲ್ಲಿ ಇನ್ನು ಅಷ್ಟೇನೂ ಚಟುವಟಿಕೆಯಿಂದ ಇರುವವರಲ್ಲ ಎಂಬರ್ಥದ ಮಾತು ಸೇರಿಸುತ್ತಾನೆ. 55 ವರ್ಷದ ನನ್ನ ಚಿಕ್ಕಮ್ಮ ಕಾಯಿಲೆ ಗೊತ್ತಾಗುವ ಹಿಂದಿನ ವಾರದವರೆಗೂ ಒಂದು ಕೂತಿಗೆ ಮೂವತ್ತು ಜೋಳದ ರೊಟ್ಟಿ ಬಡಿಯುತ್ತಿದ್ದವಳು. ಅದೂ ಇದೇ ಬಲಗೈಯಲ್ಲಿ. ಆದರೆ 'ಇಷ್ಟು ವರ್ಷ ದುಡಿದದ್ದು ಸಾಕು' ಎಂದು ನಾವು ಮನೆಯಲ್ಲಿ ಹೇಳಿದ್ದಕ್ಕೂ ಹಾಲ್‌ಸ್ಟೆಡ್ ಬರೆದದ್ದಕ್ಕೂ ಎಷ್ಟು ದೂರ ಎಂದು ಆಮೇಲೆ ಯೋಚಿಸಿದೆ. ಬಹಳ ದೂರವಿಲ್ಲ.

ಕೈ ಏಕೆ ಊದಿಕೊಳ್ಳುತ್ತದೆ? ರಕ್ತನಾಳಗಳಿಂದ ಸೋರಿದ ದ್ರವವನ್ನು ವಾಪಸ್ಸು ಒಯ್ಯಲು ದೇಹದಲ್ಲಿ ಇನ್ನೊಂದು ಕೊಳವೆ ಜಾಲವಿದೆ, ದುಗ್ಧನಾಳಗಳು. ಇವಕ್ಕೆ ಹೃದಯದಂಥ ಪಂಪಿಲ್ಲ. ನಾಳಗಳ ಸಣ್ಣ ಹಿಂಡುವಿಕೆ, ಸುತ್ತಲಿನ ಸ್ನಾಯುಗಳ ಚಲನೆ, ಉಸಿರಾಟ, ಇವುಗಳಿಂದಲೇ ದ್ರವ ಮುಂದೆ ಸಾಗಬೇಕು. ಕೈಯ ನೀರೆಲ್ಲ ಹಾದುಹೋಗುವ ಮುಖ್ಯ ಜಂಕ್ಷನ್ ಕಂಕುಳು. ಅಲ್ಲಿನ ಗ್ರಂಥಿಗಳನ್ನು ತೆಗೆದರೆ ಅಥವಾ ರೇಡಿಯೇಷನ್ನಿನಿಂದ ಅವು ಗಟ್ಟಿಯಾದರೆ ದಾರಿ ಕಟ್ಟಿಕೊಳ್ಳುತ್ತದೆ. ಮುಂಬೈಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಜೋರು ಮಳೆ ಬಂದ ದಿನ ಪರೇಲಿನ ಹಿಂದ್‌ಮಾತಾ ಚೌಕ ಏನಾಗುತ್ತದೋ ಕೈಯೂ ಹಾಗೆಯೇ ಆಗುತ್ತದೆ. ಸ್ವತಃ ಹಾಲ್‌ಸ್ಟೆಡ್ 1921ರಲ್ಲಿ, ಸಾಯುವ ಹಿಂದಿನ ವರ್ಷ, ಸ್ತನ ಶಸ್ತ್ರಚಿಕಿತ್ಸೆಯ ನಂತರದ ಕೈ ಬಾವಿನ ಬಗ್ಗೆಯೇ ಒಂದು ಲೇಖನ ಬರೆದ. ಅದಕ್ಕೆ ಅವನಿಟ್ಟ ಹೆಸರು 'ಶಸ್ತ್ರಚಿಕಿತ್ಸೆಯ ಆನೆಕಾಲು' ಎಂಬರ್ಥದ್ದು. ಅಂದರೆ ತನ್ನ ಕತ್ತರಿಯ ಬೆಲೆ ಏನೆಂದು ಅವನಿಗೆ ಗೊತ್ತಿತ್ತು.

ಬಾವಿಗೆ ಮದ್ದು ಹುಡುಕಿದವರೂ ಆಗಲೇ ಇದ್ದರು. 1892ರಲ್ಲೇ ಆಸ್ಟ್ರಿಯಾದ ಶಸ್ತ್ರವೈದ್ಯ ವಿನಿವಾರ್ಟರ್, ಅಂಗವನ್ನು ಎತ್ತರಕ್ಕಿಟ್ಟು, ಮೆಲುವಾಗಿ ನೀವಿ, ಬಿಗಿಯಾಗಿ ಬಟ್ಟೆ ಸುತ್ತುವ ಕ್ರಮವನ್ನು ವಿವರಿಸಿದ್ದ. 1930ರ ದಶಕದಲ್ಲಿ ಡೆನ್ಮಾರ್ಕಿನ ಎಮಿಲ್ ಮತ್ತು ಎಸ್ಟ್ರಿಡ್ ವಾಡ್ಡರ್ ದಂಪತಿ ಬಹಳ ಹಗುರವಾದ ಕೈಚಲನೆಯ ದುಗ್ಧ ಮಾಲೀಸನ್ನು ರೂಪಿಸಿ 1936ರಲ್ಲಿ ಪ್ಯಾರಿಸ್ಸಿನಲ್ಲಿ ಜನರ ಮುಂದಿಟ್ಟರು. ಅವರು ವೈದ್ಯರಲ್ಲದ್ದರಿಂದ ಎಷ್ಟೋ ವರ್ಷ ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಇಂದು ಕೈ ಬಾವಿಗೆ ಕೊಡುವ ಚಿಕಿತ್ಸೆಯಲ್ಲಿ ಮಾಲೀಸು, ಬ್ಯಾಂಡೇಜು, ಚರ್ಮದ ಆರೈಕೆ, ವ್ಯಾಯಾಮ ಎಲ್ಲವೂ ಸೇರಿವೆ. ಒಂದು ಎಚ್ಚರಿಕೆ: ನಮ್ಮ ಕಡೆ ಬಾಣಂತಿಗೆ ಎಣ್ಣೆ ಹಚ್ಚಿ ಗಸಗಸ ತಿಕ್ಕುವಂಥದ್ದಲ್ಲ ಇದು. ಅದಕ್ಕೆ ಪೂರ್ತಿ ವಿರುದ್ಧ, ಚರ್ಮ ಮಾತ್ರ ಸರಿಯುವಷ್ಟು ಹಗುರ. ತರಬೇತಿ ಪಡೆದವರಿಂದಲೇ ಕಲಿಯಬೇಕು.

ಫಿಸಿಯೋಥೆರಪಿ ಎಂಬ ವೃತ್ತಿ ಹುಟ್ಟಿದ ಕಥೆ ಇನ್ನೂ ಸ್ವಾರಸ್ಯದ್ದು. ಹಾಲ್‌ಸ್ಟೆಡ್ ವರದಿ ಬಂದ ಅದೇ 1894ರಲ್ಲಿ ಲಂಡನ್ನಿನಲ್ಲಿ ಒಂದು ಹಗರಣ. ಮಾಲೀಸಿನ ಹೆಸರಿನಲ್ಲಿ ವೇಶ್ಯಾವಾಟಿಕೆ ನಡೆಯುತ್ತಿದೆ ಎಂದು ಬ್ರಿಟನ್ನಿನ ವೈದ್ಯರ ಪತ್ರಿಕೆಯೇ ಬರೆಯಿತು. ಪ್ರಾಮಾಣಿಕವಾಗಿ ಆ ಕೆಲಸ ಮಾಡುತ್ತಿದ್ದ ನರ್ಸುಗಳ ಮಾನ ಹೋಯಿತು. ಆಗ ಲೂಸಿ ರಾಬಿನ್ಸನ್, ರೋಸಲಿಂಡ್ ಪ್ಯಾಜೆಟ್, ಎಲಿಜಬೆತ್ ಮ್ಯಾನ್ಲಿ, ಮಾರ್ಗರೆಟ್ ಪಾಮರ್ ಎಂಬ ನಾಲ್ವರು ಸೇರಿ ತರಬೇತಾದ ಮಾಲೀಸುಗಾರ್ತಿಯರ ಸಂಘವೊಂದನ್ನು ಕಟ್ಟಿದರು. ಪರೀಕ್ಷೆ, ಪ್ರಮಾಣಪತ್ರ, ಕಟ್ಟುನಿಟ್ಟಿನ ನಿಯಮಗಳು. 1920ರಲ್ಲಿ ಅದಕ್ಕೆ ರಾಜಮನ್ನಣೆ ಸಿಕ್ಕಿತು. ಇಂದಿನ ಬ್ರಿಟನ್ನಿನ ಫಿಸಿಯೋಥೆರಪಿ ಸಂಸ್ಥೆ ಅದರ ಮುಂದುವರಿಕೆ. ಅಮೆರಿಕದಲ್ಲೂ ಹೀಗೆಯೇ: ಮೊದಲ ಮಹಾಯುದ್ಧದ ಗಾಯಾಳುಗಳಿಗೆ ವ್ಯಾಯಾಮ ಮಾಡಿಸಲು ಸೇರಿಸಿಕೊಂಡ ಯುವತಿಯರೇ 1921ರಲ್ಲಿ ಮೇರಿ ಮೆಕ್‌ಮಿಲನ್ ಅಧ್ಯಕ್ಷತೆಯಲ್ಲಿ ಸಂಘ ಕಟ್ಟಿಕೊಂಡರು. ಎರಡು ಕಡೆಯೂ ಮಹಿಳಾ ಸಂಘಗಳು! ನಮ್ಮ ಮಹಿಳಾ ವಿಭಾಗದ ವಾಟ್ಸಾಪ್ ಗುಂಪಿನಲ್ಲಿ ಜಗಳವಾದಾಗಲೆಲ್ಲ ನನಗೆ ಈ ನಾಲ್ವರು ನೆನಪಾಗುತ್ತಾರೆ.

ಇನ್ನು ನಮ್ಮ ಪರೇಲಿಗೆ ಬರೋಣ. ಟಾಟಾ ಮೆಮೋರಿಯಲ್ ಆಸ್ಪತ್ರೆಯ ಮುಂದೆ ನಿಂತರೆ ಕನ್ನಡ ಕೇಳಿಸದ ದಿನವೇ ಇಲ್ಲ. ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯ ಮಾತು. ಆದರೆ ಆ ಆಸ್ಪತ್ರೆಗೂ ಕರ್ನಾಟಕಕ್ಕೂ ಇನ್ನೊಂದು ನಂಟಿದೆ, ಅದು ನನಗೆ ಗೊತ್ತಿರಲಿಲ್ಲ. ಆ ಆಸ್ಪತ್ರೆ ಹುಟ್ಟಿದ್ದು ಮೆಹರ್‌ಬಾಯಿ ಟಾಟಾ ಅವರ ಸಾವಿನಿಂದ. 1931ರಲ್ಲಿ ಅವರು ರಕ್ತ ಕ್ಯಾನ್ಸರಿನಿಂದ ತೀರಿಕೊಂಡರು. ಪತಿ ದೊರಾಬ್ಜಿ ಟಾಟಾ ಮರುವರ್ಷವೇ ಹೋದರು. ಅವರ ಟ್ರಸ್ಟಿನ ಹಣದಿಂದ 1941ರ ಫೆಬ್ರುವರಿ 28ರಂದು ಆಸ್ಪತ್ರೆ ಆರಂಭವಾಯಿತು. ಈ ಮೆಹರ್‌ಬಾಯಿ ಬೆಳೆದದ್ದು ಎಲ್ಲಿ? ಬೆಂಗಳೂರಿನಲ್ಲಿ. ಅವರ ತಂದೆ ಎಚ್.ಜೆ. ಭಾಭಾ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿ. ಮಗಳು ಓದಿದ್ದು ಬಿಷಪ್ ಕಾಟನ್ ಶಾಲೆಯಲ್ಲಿ. ಸೀರೆಯುಟ್ಟೇ ಟೆನಿಸ್ ಆಡಿ ಬಹುಮಾನ ಗೆದ್ದವರು, ಬಾಲ್ಯವಿವಾಹ ತಡೆಯುವ ಶಾರದಾ ಕಾಯ್ದೆಗಾಗಿ ದನಿಯೆತ್ತಿದವರು. ಅವರ ಸೋದರಳಿಯನೇ ವಿಜ್ಞಾನಿ ಹೋಮಿ ಭಾಭಾ. 1962ರಲ್ಲಿ ಆ ಆಸ್ಪತ್ರೆ ಸೇರಿದ್ದು ಅವರು ಮುನ್ನಡೆಸುತ್ತಿದ್ದ ಅಣುಶಕ್ತಿ ಇಲಾಖೆಗೆ.

ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಕೆ.ಇ.ಎಂ. ಆಸ್ಪತ್ರೆ. ದೇಶದಲ್ಲಿ ಫಿಸಿಯೋಥೆರಪಿ ಶಿಕ್ಷಣ ಬೇರೂರಿದ್ದು ಅಲ್ಲಿ, 1952-53ರ ಸುಮಾರಿಗೆ. ಕಾರಣ ಕ್ಯಾನ್ಸರ್ ಅಲ್ಲ, ಪೋಲಿಯೊ. ಮಕ್ಕಳ ಕೈಕಾಲು ಸೋತುಹೋಗುತ್ತಿದ್ದ ಕಾಲದಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಕೇಂದ್ರ ಸರ್ಕಾರ ಮತ್ತು ಮುಂಬೈ ಮಹಾನಗರಪಾಲಿಕೆ ಸೇರಿ ಆ ಶಾಲೆ ತೆರೆದವು.

ಪೋಲಿಯೊ ಮಗುವಿಗೆ, ಗಾಯಗೊಂಡ ಸೈನಿಕನಿಗೆ ವ್ಯಾಯಾಮ ಬೇಕು ಎಂದು ಎಲ್ಲರೂ ಒಪ್ಪಿದ್ದರು. ಕ್ಯಾನ್ಸರ್ ರೋಗಿಗೆ? ಬದುಕಿದ್ದೇ ದೊಡ್ಡದು ಎನ್ನುವ ಕಾಲ. ಅದನ್ನು ಪ್ರಶ್ನಿಸಿದವಳು ನ್ಯೂಯಾರ್ಕಿನ ಒಬ್ಬ ಗೃಹಿಣಿ, ಟೆರೀಸ್ ಲ್ಯಾಸರ್. 1952ರಲ್ಲಿ ಅವಳಿಗೆ ರ್‍ಯಾಡಿಕಲ್ ಶಸ್ತ್ರಚಿಕಿತ್ಸೆಯಾಯಿತು. ಎಚ್ಚರವಾದಾಗ ಎದೆಯಿಲ್ಲ, ಕೈ ಏಳುವುದಿಲ್ಲ. ಕೈ ಮತ್ತೆ ಏಳುತ್ತದೆಯೇ, ಯಾವ ಬಟ್ಟೆ ಹಾಕಿಕೊಳ್ಳಬೇಕು, ಗಂಡನೊಡನೆ ಹೇಗೆ ಮಾತಾಡಬೇಕು, ಒಂದಕ್ಕೂ ಉತ್ತರ ಹೇಳುವವರಿರಲಿಲ್ಲ. ಅವಳು ತಾನೇ ಕಲಿತುಕೊಂಡು, ಆಸ್ಪತ್ರೆಯಲ್ಲಿ ಹೊಸದಾಗಿ ಶಸ್ತ್ರಚಿಕಿತ್ಸೆಯಾದ ಹೆಂಗಸರ ಹಾಸಿಗೆಯ ಬಳಿ ಹೋಗಿ ಕೂರತೊಡಗಿದಳು. ಅವಳ ಚೀಲದಲ್ಲಿ ಒಂದು ಹಗ್ಗ, ಒಂದು ರಬ್ಬರ್ ಚೆಂಡು, ಒಳಉಡುಪಿನಲ್ಲಿ ಇಟ್ಟುಕೊಳ್ಳುವ ಒಂದು ತಾತ್ಕಾಲಿಕ ಹತ್ತಿಯ ಮೆತ್ತೆ. ಕೆಲವು ವೈದ್ಯರಿಗೆ ಇದು ಸಹಿಸಲಿಲ್ಲ. ಕೇಳದೆ ವಾರ್ಡಿಗೆ ಬರುವ ಇವಳು ಯಾರು ಎಂದು ಅವಳನ್ನು ದೂರವಿಟ್ಟ ಆಸ್ಪತ್ರೆಗಳೂ ಇದ್ದವು. ಅವಳು ಬಿಡಲಿಲ್ಲ. 'ರೀಚ್ ಟು ರಿಕವರಿ' ಎಂದು ತನ್ನ ಕೆಲಸಕ್ಕೆ ಹೆಸರಿಟ್ಟಳು. 'ರೀಚ್' ಎಂದರೆ ಕೈ ಚಾಚುವುದೂ ಹೌದು, ತಲುಪುವುದೂ ಹೌದು. 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಅದನ್ನು ತನ್ನ ಕಾರ್ಯಕ್ರಮವಾಗಿ ತೆಗೆದುಕೊಂಡಿತು, ಅಲ್ಲಿಂದ ಹಲವು ದೇಶಗಳಿಗೆ ಹಬ್ಬಿತು.

ನನ್ನ ಫೋಲ್ಡರಿನಲ್ಲಿದ್ದ ಹಾಳೆಯಲ್ಲೂ ಅದೇ ಹಗ್ಗ, ಅದೇ ಚೆಂಡು. ಅವು ಅಲ್ಲಿಗೆ ಬಂದು ತಲುಪುವುದಕ್ಕೆ ಎಷ್ಟು ಹೆಂಗಸರ ಹಟ ಬೇಕಾಯಿತೋ. ನಾನು ಅದಕ್ಕೊಂದು ಫೈಲ್ ಹೆಸರು ಕೊಟ್ಟಿದ್ದೆ.

ಅದೇ ಸುಮಾರಿಗೆ ನ್ಯೂಯಾರ್ಕಿನ ವೈದ್ಯ ಹರ್ಬರ್ಟ್ ಡೀಟ್ಸ್ ಕ್ಯಾನ್ಸರ್ ಪುನಶ್ಚೇತನವನ್ನು ನಾಲ್ಕು ಹಂತವಾಗಿ ವಿಂಗಡಿಸಿದರು: ಊನ ಬಾರದಂತೆ ತಡೆಯುವುದು, ಬಂದದ್ದನ್ನು ಸರಿಪಡಿಸುವುದು, ಸರಿಯಾಗದ್ದರ ಜೊತೆ ಬದುಕಲು ಕಲಿಸುವುದು, ಕೊನೆಗಾಲದಲ್ಲಿ ನೋವು ಕಡಿಮೆ ಮಾಡುವುದು. ಕೊನೆಯದನ್ನೂ ಅವರು ಬಿಡಲಿಲ್ಲ ಎಂಬುದು ನನಗೆ ಮುಖ್ಯವೆನಿಸಿತು. ಗುಣವಾಗುವುದಿಲ್ಲ ಎಂದು ಗೊತ್ತಿದ್ದರೂ ಹಾಸಿಗೆಯಿಂದ ಎದ್ದು ಬಚ್ಚಲಿಗೆ ತಾನೇ ಹೋಗುವ ಶಕ್ತಿಯನ್ನು ಉಳಿಸಿಕೊಡುವುದೂ ಚಿಕಿತ್ಸೆಯೇ.

1974ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರ ಪತ್ನಿ ಬೆಟ್ಟಿ ಫೋರ್ಡ್‌ಗೆ ಸ್ತನ ಶಸ್ತ್ರಚಿಕಿತ್ಸೆಯಾದಾಗ ಅವರು ಅದನ್ನು ಮುಚ್ಚಿಡಲಿಲ್ಲ. ಪತ್ರಿಕೆಗಳಲ್ಲಿ ಆ ಪದವನ್ನು ಅಚ್ಚು ಹಾಕುವುದಕ್ಕೇ ಸಂಕೋಚಪಡುತ್ತಿದ್ದ ಕಾಲ ಅದು. ಉಡುಗೊರೆಯಾಗಿ ಬಂದಿದ್ದ ಫುಟ್‌ಬಾಲನ್ನು ಅವರು ಆಸ್ಪತ್ರೆಯಲ್ಲೇ ಗಂಡನತ್ತ ಎಸೆದರು. ಕೈ ಆಡುತ್ತದೆ ನೋಡಿ ಎಂದು ಜನರಿಗೆ ತೋರಿಸಲು ಅದಕ್ಕಿಂತ ಬೇರೆ ಭಾಷಣ ಬೇಕಿರಲಿಲ್ಲ.

ಆ ಹೊತ್ತಿಗೆ ಹಾಲ್‌ಸ್ಟೆಡ್‌ನ ಕತ್ತರಿಯೇ ಪ್ರಶ್ನೆಗೆ ಗುರಿಯಾಗಿತ್ತು. ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್ 1,600ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆಸಿದ ಅಧ್ಯಯನ, ಇಟಲಿಯ ಮಿಲಾನಿನಲ್ಲಿ ಉಂಬರ್ತೋ ವೆರೊನೇಸಿ 1973ರಿಂದ 1980ರವರೆಗೆ 701 ಹೆಂಗಸರ ಮೇಲೆ ನಡೆಸಿದ ಅಧ್ಯಯನ, ಎರಡೂ ಒಂದೇ ದಿಕ್ಕು ತೋರಿಸಿದವು. ಬೇರುಸಹಿತ ಕಿತ್ತವರಿಗೂ ಕಡಿಮೆ ಕತ್ತರಿಸಿದವರಿಗೂ ಬದುಕುಳಿಯುವುದರಲ್ಲಿ ವ್ಯತ್ಯಾಸವಿರಲಿಲ್ಲ. ವೆರೊನೇಸಿಯವರು 20 ವರ್ಷದ ನಂತರ, 2002ರಲ್ಲಿ, ಮತ್ತೆ ಲೆಕ್ಕ ಹಾಕಿದಾಗಲೂ ಅದೇ ಉತ್ತರ. ಅಂದರೆ ಅದೆಷ್ಟೋ ಹೆಂಗಸರ ಎದೆಯ ಸ್ನಾಯು ಸುಮ್ಮನೆ ಹೋಗಿತ್ತು. 1990ರ ದಶಕದಲ್ಲಿ ಕಂಕುಳಿನ ಮೊದಲ ಒಂದೆರಡು ಗ್ರಂಥಿಗಳನ್ನಷ್ಟೇ ಪರೀಕ್ಷಿಸಿ, ರೋಗ ಅಲ್ಲಿಗೆ ಹರಡಿಲ್ಲವಾದರೆ ಉಳಿದವನ್ನು ಬಿಟ್ಟುಬಿಡುವ ವಿಧಾನ ಬಂತು. ಕೈ ಬಾವಿನ ಭಯ ಅನೇಕರಿಗೆ ಕಡಿಮೆಯಾಯಿತು. ಚಿಕ್ಕಮ್ಮನ ವಿಷಯದಲ್ಲಿ ಗ್ರಂಥಿಗಳಿಗೂ ಹರಡಿದ್ದರಿಂದ ಆ ದಾರಿ ಇರಲಿಲ್ಲ.

ನಮ್ಮ ದೇಶದಲ್ಲಿ ಇದು ಸ್ತನ ಕ್ಯಾನ್ಸರಿನ ಮಾತಷ್ಟೇ ಅಲ್ಲ. ಎಲೆ ಅಡಿಕೆ, ತಂಬಾಕು, ಗುಟ್ಕಾದ ದೆಸೆಯಿಂದ ಬಾಯಿ ಕ್ಯಾನ್ಸರ್ ನಮ್ಮಲ್ಲಿ ಬಹಳ. 1906ರಲ್ಲಿ ಜಾರ್ಜ್ ಕ್ರೈಲ್ ಎಂಬ ಅಮೆರಿಕದ ವೈದ್ಯ ಕುತ್ತಿಗೆಯ ಗ್ರಂಥಿಗಳನ್ನು ಬೇರುಸಹಿತ ತೆಗೆಯುವ ವಿಧಾನವನ್ನು ಪ್ರಕಟಿಸಿದ. ಅದರಲ್ಲಿ ಭುಜ ಎತ್ತುವ ಸ್ನಾಯುವಿಗೆ ಹೋಗುವ ನರವೂ ಹೋಗುತ್ತಿತ್ತು, ಭುಜ ಜೋತುಬೀಳುತ್ತಿತ್ತು. ಈಗ ಸಾಧ್ಯವಾದಾಗಲೆಲ್ಲ ಆ ನರವನ್ನು ಉಳಿಸುತ್ತಾರೆ. ರೇಡಿಯೇಷನ್ ಆದವರಿಗೆ ದವಡೆ ಬಿಗಿದು ಬಾಯಿ ತೆರೆಯದಂತಾಗುವುದುಂಟು. ಅದಕ್ಕೆ ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ದಿನ ಕಳೆದಂತೆ ಒಂದೊಂದೇ ಹೆಚ್ಚಿಸುತ್ತಾ ಹೋಗುವ ವ್ಯಾಯಾಮವಿದೆ. ಫಿಸಿಯೋಥೆರಪಿ ಕೋಣೆಯ ಹೊರಗೆ ಒಬ್ಬ ಅಜ್ಜ ಹನ್ನೊಂದು ಕಡ್ಡಿ ತಲುಪಿದ್ದನ್ನು ನಮಗೆ ಬೆರಳಲ್ಲಿ ಎಣಿಸಿ ತೋರಿಸಿದ್ದು ನೆನಪಿದೆ. ರೊಟ್ಟಿ ಬಾಯೊಳಗೆ ಹೋಗುವಷ್ಟು ಜಾಗ ಅದು.

ಚೆನ್ನೈ ಕನ್ನಡಿಗರು ಬೇಸರಿಸಬಾರದು, ಅವರ ಊರಿನ ಮಾತೂ ಒಂದಿದೆ. ಅಡ್ಯಾರಿನ ಕ್ಯಾನ್ಸರ್ ಇನ್‌ಸ್ಟಿಟ್ಯೂಟನ್ನು 1954ರಲ್ಲಿ 12 ಹಾಸಿಗೆಗಳೊಂದಿಗೆ ಶುರುಮಾಡಿದ್ದು ಒಂದು ಮಹಿಳಾ ಸಂಘ, ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್. ಅದರ ಮುಂದಾಳು ಡಾ. ಮುತ್ತುಲಕ್ಷ್ಮಿ ರೆಡ್ಡಿ, ತಂಗಿಯನ್ನು ಕ್ಯಾನ್ಸರಿಗೆ ಕಳೆದುಕೊಂಡವರು. ಮರುವರ್ಷ ಅಲ್ಲಿಗೆ ಸೇರಿದ ಡಾ. ವಿ. ಶಾಂತಾ 2021ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಇದ್ದರು.

ಇನ್ನು ನನಗೆ ಬಹಳ ಇಷ್ಟವಾದ ಅಧ್ಯಾಯ. ಕಂಕುಳಿನ ಗ್ರಂಥಿ ತೆಗೆದವರು ಭಾರ ಎತ್ತಬಾರದು, ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡಬಾರದು ಎಂದು ವೈದ್ಯರು ದಶಕಗಳ ಕಾಲ ಹೇಳುತ್ತಿದ್ದರು. ಅದಕ್ಕೆ ಪುರಾವೆ ಏನು ಎಂದು ಕೇಳಿದವರು ಕಡಿಮೆ. 1996ರಲ್ಲಿ ಕೆನಡಾದ ವ್ಯಾಂಕೂವರಿನ ಕ್ರೀಡಾವೈದ್ಯ ಡಾನ್ ಮೆಕೆಂಜಿ, ಸ್ತನ ಕ್ಯಾನ್ಸರ್ ಚಿಕಿತ್ಸೆಯಾಗಿದ್ದ 24 ಹೆಂಗಸರನ್ನು ಒಟ್ಟುಗೂಡಿಸಿ ಡ್ರ್ಯಾಗನ್ ದೋಣಿಯಲ್ಲಿ ಹುಟ್ಟು ಹಾಕಿಸಿದರು. ಕೈ, ಭುಜ, ಬೆನ್ನು ಎಲ್ಲಕ್ಕೂ ಭಾರಿ ಕೆಲಸ, ಅದೂ ಮತ್ತೆ ಮತ್ತೆ ಅದೇ ಚಲನೆ. ಋತು ಮುಗಿದಾಗ ಯಾರಿಗೂ ಹೊಸದಾಗಿ ಬಾವು ಬಂದಿರಲಿಲ್ಲ. ಇಂದು ಪ್ರಪಂಚದ ಹಲವು ದೇಶಗಳಲ್ಲಿ ಇಂಥ ದೋಣಿ ತಂಡಗಳಿವೆ. 24 ಜನ ಎಂದರೆ ಸಣ್ಣ ಸಂಖ್ಯೆ, ನನ್ನಂಥ ಎಂಜಿನಿಯರಿಗೆ ಅದು ಸಾಲುವುದಿಲ್ಲ. ಆದರೆ 2009ರಲ್ಲಿ ಕ್ಯಾಥರಿನ್ ಶ್ಮಿಟ್ಸ್ ಎಂಬ ಸಂಶೋಧಕಿ, ಆಗಲೇ ಕೈ ಬಾವಿದ್ದ 141 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆರಡು ಸಲ ನಿಧಾನವಾಗಿ ಹೆಚ್ಚುವ ತೂಕ ಎತ್ತಿಸಿದ ಅಧ್ಯಯನವನ್ನು ಪ್ರಕಟಿಸಿದರು. ಒಂದು ವರ್ಷದ ಕೊನೆಗೆ ಬಾವು ಹೆಚ್ಚಾಗಿರಲಿಲ್ಲ. ತೂಕ ಎತ್ತಿದವರಲ್ಲೇ ಬಾವು ಉಲ್ಬಣಿಸಿದ್ದು ಕಡಿಮೆ, ಬಲವೂ ಹೆಚ್ಚು. ಬೆಳೆಸಿದ ಸ್ನಾಯುವೇ ಪಂಪು. ಇದನ್ನು ಓದಿ ನಾಳೆಯೇ ಬಿಂದಿಗೆ ಎತ್ತಬೇಡಿ. ಅವರು ಶುರುಮಾಡಿದ್ದು ಬಹಳ ಕಡಿಮೆ ತೂಕದಿಂದ, ಕಲಿಸುವವರ ಎದುರಿಗೆ, ಕೈಗೆ ಒತ್ತುಗವಸು ಹಾಕಿಕೊಂಡು.

ಕೀಮೋ ನಡೆಯುವಾಗ ಮಲಗಿಯೇ ಇರಬೇಕೆಂಬ ನಂಬಿಕೆಯನ್ನು ಅಲ್ಲಾಡಿಸಿದ್ದೂ ಹೆಂಗಸರೇ. 1980ರ ದಶಕದಲ್ಲಿ ಓಹಾಯೊದ ನರ್ಸಿಂಗ್ ಸಂಶೋಧಕಿಯರಾದ ಮೇರಿಲ್ ವಿನ್ನಿಂಗ್‌ಹ್ಯಾಮ್ ಮತ್ತು ಅವರ ಜೊತೆಗಾರರು ಕೀಮೋ ಪಡೆಯುತ್ತಿದ್ದವರನ್ನು ವ್ಯಾಯಾಮದ ಸೈಕಲ್ ಮೇಲೆ ಕೂರಿಸಿದರು. ಹತ್ತು ವಾರದಲ್ಲಿ ಅವರ ಶಕ್ತಿ ಕುಗ್ಗುವ ಬದಲು ಹೆಚ್ಚಿತ್ತು. 2025ರಲ್ಲಂತೂ ದೊಡ್ಡ ಸುದ್ದಿಯೇ ಬಂತು. ಕರುಳಿನ ಕ್ಯಾನ್ಸರಿಗೆ ಕೀಮೋ ಮುಗಿಸಿದ 889 ಜನರ ಅಧ್ಯಯನದಲ್ಲಿ, ಮೂರು ವರ್ಷ ಮಾರ್ಗದರ್ಶನದೊಂದಿಗೆ ವ್ಯಾಯಾಮ ಮಾಡಿದವರಲ್ಲಿ ಎಂಟು ವರ್ಷದ ನಂತರ ಸುಮಾರು ಶೇ. 90 ಮಂದಿ ಬದುಕಿದ್ದರು, ಬರೀ ಮಾಹಿತಿ ಪುಸ್ತಕ ಪಡೆದವರಲ್ಲಿ ಶೇ. 83. ಬರೀ ಕಾಗದ ಕೊಟ್ಟ ಗುಂಪು ಹಿಂದೆ ಬಿತ್ತು ಎಂಬ ಸಾಲನ್ನು ನಾನು ಎರಡು ಸಲ ಓದಿದೆ.

ಚಿಕ್ಕಮ್ಮನ ವಿಷಯಕ್ಕೆ ಬರುತ್ತೇನೆ. ಫಿಸಿಯೋಥೆರಪಿ ಕೋಣೆಯಲ್ಲಿ ಮೇಲೆ ರಾಟೆ, ಅದರಲ್ಲೊಂದು ಹಗ್ಗ, ಎರಡು ತುದಿಗೂ ಹಿಡಿ. ಅವಳು ನೋಡಿದವಳೇ, "ಇದು ನಮ್ಮ ಬಾವಿ ಗಡಗಡಿ ಅಲ್ಲೇನವಾ, ಇದನ್ನ ಮಾಡಾಕ ಇಲ್ಲೀತನಕ ಬರಬೇಕಾತೇನು?" ಎಂದಳು. ಆ ಹುಡುಗಿಗೆ ಕನ್ನಡ ಬಾರದು, ನಾನು ಹಿಂದಿಯಲ್ಲಿ ಹೇಳಿದೆ. ಆಕೆ ನಕ್ಕು, ಮನೆಯಲ್ಲೂ ಒಂದು ಕಟ್ಟಿಕೊಳ್ಳಿ ಎಂದಳು. ಕಟ್ಟಿದೆವು. ಗೋಡೆಯ ಮೇಲೆ ಮೊದಲ ಗೆರೆ ಬಿದ್ದದ್ದು ಅಂದೇ ಸಂಜೆ. ಮೊದಲ ವಾರ ಅವಳು ಅಳುತ್ತಲೇ ಮಾಡಿದಳು. ಮೂರು ವಾರಕ್ಕೆ ಕೈ ತಲೆಯ ಮೇಲೆ ಹೋಯಿತು, ರೇಡಿಯೇಷನ್ ಶುರುವಾಯಿತು. ತಡವಾದ ಆ ಮೂರು ವಾರದಿಂದ ಏನಾದರೂ ತೊಂದರೆಯೇ ಎಂದು ನಾನು ವೈದ್ಯರನ್ನು ಕೇಳಿದೆ. ಚಿಂತೆ ಮಾಡಬೇಡಿ ಎಂದರು. ನಾನು ಮಾಡುತ್ತೇನೆ.

ಆರು ತಿಂಗಳ ನಂತರ ಒಂದು ಬೆಳಿಗ್ಗೆ ಅವಳ ಬಲಗೈಯ ಹಸಿರು ಬಳೆ ಮಣಿಕಟ್ಟಿನಲ್ಲಿ ಸರಿಯಲೇ ಇಲ್ಲ. ಬಾವು ಬಂದಿತ್ತು. ವ್ಯಾಯಾಮ ತಡವಾಗಿದ್ದೇ ಅದಕ್ಕೆ ಕಾರಣ ಎನ್ನಲಾಗದು, ಗ್ರಂಥಿ ತೆಗೆದು ರೇಡಿಯೇಷನ್ ಆದ ಯಾರಿಗೂ ಬರಬಹುದು ಎಂದು ಫಿಸಿಯೋ ಹುಡುಗಿ ಹೇಳಿದಳು. ಬೇಗ ಕಂಡದ್ದು ಒಳ್ಳೆಯದಾಯಿತು, ಅದಕ್ಕೆ ಬಳೆಯೇ ಸಾಕ್ಷಿ ಎಂದೂ ಹೇಳಿದಳು. ಎರಡು ವಾರ ಬ್ಯಾಂಡೇಜು, ಆಮೇಲೆ ಒತ್ತುಗವಸು. ಮೇ ತಿಂಗಳ ಸೆಕೆಯಲ್ಲಿ ಅದನ್ನು ಹಾಕಿಕೊಳ್ಳುವಾಗ ಚಿಕ್ಕಮ್ಮ ಬೈಯುವ ಬೈಗುಳ ಈ ಸಂಚಿಕೆಯಲ್ಲಿ ಅಚ್ಚಾಗುವಂಥದ್ದಲ್ಲ. ಬಾವು ಪೂರ್ತಿ ಹೋಗಿಲ್ಲ. ಈಗ ಒಂದು ಕೂತಿಗೆ ಹತ್ತು ರೊಟ್ಟಿ ಬಡಿಯುತ್ತಾಳೆ, ಎದ್ದು ಗೋಡೆಗೆ ಕೈ ಹಚ್ಚಿ ಚಾಚಿ, ಮತ್ತೆ ಬೇಕಾದರೆ ಇನ್ನು ನಾಲ್ಕು.

ಅವಳು ಊರಿಗೆ ಹೊರಡುವ ಮೊದಲು ಆ ಹಾಳೆಯನ್ನು ಕನ್ನಡಕ್ಕೆ ಮಾಡೋಣವೆಂದು ಕೂತೆ. ಹತ್ತನೆಯ ತರಗತಿಯ ನಂತರ ನಾನು ಕನ್ನಡದಲ್ಲಿ ಒಂದು ಪುಟ ಬರೆದದ್ದು ಅದೇ ಮೊದಲು. 'ಭುಜಸಂಧಿಯನ್ನು ಪಾರ್ಶ್ವಕ್ಕೆ ಚಾಚಿ ಊರ್ಧ್ವಮುಖವಾಗಿ ಎತ್ತಿರಿ' ಎಂದು ಓದಿದೆ. ಚಿಕ್ಕಮ್ಮ ನನ್ನನ್ನೇ ನೋಡಿದಳು. "ಇದು ಯಾರಿಗಿ ತಿಳೀತೈತಿ? ಹಗ್ಗದ ಮ್ಯಾಲ ಅರಿವಿ ಒಣಾಕಿದಂಗ ಅಂತ ಬರಿ." ಬರೆದೆ. ಕೈ ತಲೆಯ ಹಿಂದಕ್ಕೆ ಒಯ್ಯುವುದಕ್ಕೆ 'ಜಡಿ ಹಾಕ್ಕೊಂಡಂಗ', ಬೆನ್ನ ಹಿಂದಕ್ಕೆ ಒಯ್ಯುವುದಕ್ಕೆ 'ಸೆರಗ ಹಿಂದ ಸಿಗಿಸಿದಂಗ', ಗೋಡೆ ಹತ್ತುವುದಕ್ಕೆ 'ಹಲ್ಲಿ ಹೋದಂಗ'. ಒಂದೊಂದಕ್ಕೂ ಎದ್ದು ನಿಂತು ಮಾಡಿ ತೋರಿಸಿದಳು. ಆ ಪುಟವನ್ನು ಫಿಸಿಯೋ ಹುಡುಗಿಗೆ ಹಿಂದಿಯಲ್ಲಿ ಓದಿ ಹೇಳಿ, ಅವಳು ಒಪ್ಪಿದ ಮೇಲೆ ಪ್ರಿಂಟ್ ತೆಗೆದೆ.

ರೈಲಿಗೆ ಹೊರಡುವಾಗ ಚಿಕ್ಕಮ್ಮ ಅದರ ಹತ್ತು ಪ್ರತಿ ಕೇಳಿದಳು. ಇಷ್ಟೊಂದು ಯಾರಿಗೆ ಎಂದೆ.

"ಇರ್ತಾರ" ಅಂದಳು.